ಒಂದು ಜಡ್ಜ್ ಸೀಟಿಗೆ 10 ಕೋಟಿ ಡಾಲರ್ ಯಾಕೆ?

2025ರ ಮಾರ್ಚ್ 30, ಭಾನುವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನಲ್ಲಿ ಇಲಾನ್ ಮಸ್ಕ್ ವೇದಿಕೆ ಹತ್ತಿದರು. ತಲೆ ಮೇಲೆ ಚೀಸ್ ತುಂಡಿನ ಆಕಾರದ ಹಳದಿ ಟೋಪಿ. ಅಲ್ಲಿನ ಫುಟ್‌ಬಾಲ್ ಅಭಿಮಾನಿಗಳು ಹಾಕಿಕೊಳ್ಳುವ ಟೋಪಿ ಅದು. ಇಬ್ಬರು ಮತದಾರರನ್ನು ಮೇಲೆ ಕರೆದು ತಲಾ 10 ಲಕ್ಷ ಡಾಲರಿನ ಚೆಕ್ ಕೊಟ್ಟರು.

ಎರಡು ದಿನ ಬಿಟ್ಟು ಅಲ್ಲಿ ಮತದಾನ ಇತ್ತು. ಅಧ್ಯಕ್ಷರ ಚುನಾವಣೆ ಅಲ್ಲ, ಗವರ್ನರ್ ಚುನಾವಣೆಯೂ ಅಲ್ಲ. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಏಳು ನ್ಯಾಯಮೂರ್ತಿಗಳಿದ್ದಾರೆ. ಅದರಲ್ಲಿ ಒಂದೇ ಒಂದು ಸ್ಥಾನಕ್ಕೆ ಇಷ್ಟೆಲ್ಲ ಗದ್ದಲ. ಮಸ್ಕ್ ಮತ್ತು ಅವರ ಜೊತೆಗಿನ ಸಂಘಟನೆಗಳು 2 ಕೋಟಿ ಡಾಲರಿಗಿಂತ ಜಾಸ್ತಿ ಸುರಿದವು. ಎರಡೂ ಕಡೆಯದು ಸೇರಿ ಒಟ್ಟು ಖರ್ಚು ಸುಮಾರು 10 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 800 ಕೋಟಿ ರೂಪಾಯಿಗೂ ಮೇಲೆ. ಅಷ್ಟಾದರೂ ಮಸ್ಕ್ ಬೆಂಬಲಿಸಿದ ಬ್ರಾಡ್ ಶಿಮೆಲ್ ಸೋತರು. ಡೆಮಾಕ್ರಟರ ಬೆಂಬಲವಿದ್ದ ಸೂಸನ್ ಕ್ರಾಫರ್ಡ್ ಶೇ 10ರಷ್ಟು ಮತಗಳ ಅಂತರದಿಂದ ಗೆದ್ದರು.

ಜಡ್ಜ್ ಆಗೋದಕ್ಕೆ ಓಟು ಕೇಳೋದೇ ನಮಗೆ ವಿಚಿತ್ರ. ಅದಕ್ಕೆ ಇಷ್ಟು ದುಡ್ಡು ಅಂದರೆ ಇನ್ನೂ ವಿಚಿತ್ರ. ಯಾಕೆ ಹೀಗೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಎರಡು ಬೇರೆ ಬೇರೆ ಕೋರ್ಟ್ ವ್ಯವಸ್ಥೆಗಳಿವೆ. ಒಂದು ಫೆಡರಲ್, ಅಂದರೆ ಕೇಂದ್ರದ್ದು. ಅಲ್ಲಿನ ಜಡ್ಜ್‌ಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ. ಒಮ್ಮೆ ಕೂತರೆ ಜೀವನಪೂರ್ತಿ. ನಾವು ಸುದ್ದಿಯಲ್ಲಿ ಕೇಳುವುದು ಹೆಚ್ಚಾಗಿ ಇವರ ಬಗ್ಗೆಯೇ. ಇನ್ನೊಂದು 50 ರಾಜ್ಯಗಳ ಸ್ವಂತ ಕೋರ್ಟುಗಳು. ಕೊಲೆ, ಕಳವು, ವಿಚ್ಛೇದನ, ಜಮೀನು, ವ್ಯಾಪಾರದ ಜಗಳ, ಹೀಗೆ ದೇಶದ ಬಹುಪಾಲು ಕೇಸುಗಳು ನಡೆಯುವುದು ಇಲ್ಲೇ. ಹೆಚ್ಚಿನ ರಾಜ್ಯಗಳಲ್ಲಿ ಈ ಜಡ್ಜ್‌ಗಳು ಯಾವುದಾದರೂ ಒಂದು ಹಂತದಲ್ಲಿ ಜನರ ಮುಂದೆ ಹೋಗಲೇಬೇಕು.

ರಾಜ್ಯದ ಸುಪ್ರೀಂ ಕೋರ್ಟನ್ನು ನಮ್ಮ ಹೈಕೋರ್ಟ್ ಥರ ಅಂದುಕೊಂಡರೆ ಅರ್ಧ ಮಾತ್ರ ಸರಿ. ನಮ್ಮಲ್ಲಿ ಹೈಕೋರ್ಟ್ ತೀರ್ಪಿನ ಮೇಲೆ ದೆಹಲಿಗೆ ಹೋಗಬಹುದು. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಆ ಸಂವಿಧಾನದ ಅರ್ಥ ಏನು ಅನ್ನುವುದರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನದೇ ಕೊನೆಯ ಮಾತು. ವಾಷಿಂಗ್ಟನ್ ಅದರಲ್ಲಿ ಕೈ ಹಾಕುವುದು ತೀರಾ ಅಪರೂಪ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚುನಾವಣೆ ಶುರುವಾದ ಕಾರಣ ಕೇಳಿದರೆ ನಗು ಬರಬಹುದು. ಪಕ್ಷಗಳ ಹಿಡಿತದಿಂದ ಕೋರ್ಟನ್ನು ಬಿಡಿಸೋದಕ್ಕೆ ಅಂತಲೇ ಅದನ್ನು ತಂದದ್ದು! ಮೊದಮೊದಲು ಗವರ್ನರ್‌ಗಳು, ಶಾಸಕರು ತಮಗೆ ಬೇಕಾದವರನ್ನು ಜಡ್ಜ್ ಮಾಡುತ್ತಿದ್ದರು. ಇವರು ಶಾಸಕರ ಋಣದಲ್ಲಿದ್ದರೆ ಶಾಸಕರು ಮಾಡಿದ ಕೆಟ್ಟ ಕಾನೂನನ್ನು ಹೇಗೆ ಹೊಡೆದು ಹಾಕುತ್ತಾರೆ? ಜನರೇ ಆರಿಸಿದರೆ ಜಡ್ಜ್‌ಗಳಿಗೆ ಸ್ವಂತ ಬಲ ಬರುತ್ತದೆ ಅನ್ನುವ ವಾದ ಹುಟ್ಟಿತು. 1832ರಲ್ಲಿ ಮಿಸಿಸಿಪಿ ತನ್ನ ಎಲ್ಲ ಜಡ್ಜ್‌ಗಳನ್ನೂ ಚುನಾವಣೆಗೆ ಬಿಟ್ಟಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಆಮೇಲೆ ರಾಜ್ಯದ ಮೇಲೆ ರಾಜ್ಯ.

ಆದರೆ ಚುನಾವಣೆ ಅಂದಮೇಲೆ ಟಿಕೆಟ್ ಕೊಡೋರು ಬೇಕಲ್ವಾ? ಆ ಕೆಲಸ ಪಕ್ಷದ ದೊಡ್ಡವರ ಕೈಗೆ ಬಂತು. ಕಾನ್ಸಾಸ್ ಸಿಟಿಯಲ್ಲಿ ಟಾಮ್ ಪೆಂಡರ್‌ಗಾಸ್ಟ್ ಅನ್ನುವ ಒಬ್ಬ ಪುಢಾರಿ ಇದ್ದ. ಊರಿನ ಗುತ್ತಿಗೆಯಿಂದ ಹಿಡಿದು ಜಡ್ಜ್ ಸೀಟಿನವರೆಗೆ ಅವನದ್ದೇ ಕಾರುಬಾರು. ಅದರಿಂದ ಬೇಸತ್ತು 1940ರಲ್ಲಿ ಮಿಸೌರಿ ರಾಜ್ಯದ ಜನ ಬೇರೆ ಪದ್ಧತಿ ತಂದರು. ಒಂದು ಸಮಿತಿ ಕೆಲವು ಹೆಸರು ಕೊಡುತ್ತದೆ, ಗವರ್ನರ್ ಒಬ್ಬರನ್ನು ಆರಿಸುತ್ತಾರೆ. ಸ್ವಲ್ಪ ಕಾಲದ ನಂತರ ಆ ಜಡ್ಜ್ ಒಬ್ಬರ ಹೆಸರು ಮಾತ್ರ ಮತಪತ್ರದಲ್ಲಿ ಬರುತ್ತದೆ. ಎದುರಾಳಿ ಇರುವುದಿಲ್ಲ. ‘ಇವರು ಮುಂದುವರಿಯಬೇಕೇ?’ ಅನ್ನುವುದಕ್ಕೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು, ಅಷ್ಟೇ.

ಹೀಗಾಗಿ ಈಗ ಅಲ್ಲಿ ಎಲ್ಲ ಬಗೆಯೂ ಇದೆ. ಟೆಕ್ಸಾಸ್, ಅಲಬಾಮ, ಉತ್ತರ ಕೆರೊಲಿನಾದಂಥ ಕಡೆ ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷದ ಹೆಸರೂ ಇರುತ್ತದೆ. ವಿಸ್ಕಾನ್ಸಿನ್, ಜಾರ್ಜಿಯಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಬರೀ ಹೆಸರು. ಮಿಸೌರಿ, ಅಯೋವಾದಲ್ಲಿ ಆ ಹೌದು-ಇಲ್ಲ ಮತ. ಮಿಷಿಗನ್‌ನದ್ದು ಇನ್ನೂ ತಮಾಷೆ. ಅಲ್ಲಿ ಪಕ್ಷಗಳು ತಮ್ಮ ಸಮಾವೇಶದಲ್ಲೇ ಸುಪ್ರೀಂ ಕೋರ್ಟ್ ಅಭ್ಯರ್ಥಿಗಳನ್ನು ಹೆಸರಿಸುತ್ತವೆ. ನವೆಂಬರಿನ ಮತಪತ್ರದಲ್ಲಿ ಮಾತ್ರ ಪಕ್ಷದ ಹೆಸರು ಕಾಣಿಸುವುದಿಲ್ಲ.

ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಗೊತ್ತಲ್ಲ? ಕರ್ನಾಟಕದಲ್ಲಿ ಅದು ಪಕ್ಷದ ಚಿಹ್ನೆ ಇಲ್ಲದೆ ನಡೆಯಬೇಕು. ಅಭ್ಯರ್ಥಿಗೆ ಆಟೊನೋ, ಟ್ರ್ಯಾಕ್ಟರೋ ಯಾವುದೋ ಗುರುತು ಸಿಗುತ್ತದೆ. ಆದರೆ ಯಾರು ಯಾವ ಪಕ್ಷದವರು ಅಂತ ಊರಿಗೆಲ್ಲ ಗೊತ್ತು. ಫಲಿತಾಂಶದ ಮರುದಿನ ಎಲ್ಲ ಪಕ್ಷಗಳೂ ‘ನಮ್ಮವರು ಇಷ್ಟು ಗೆದ್ದರು’ ಅಂತ ಹೇಳಿಕೆ ಕೊಡುತ್ತವೆ. ವಿಸ್ಕಾನ್ಸಿನ್‌ನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಒಂದು ವ್ಯತ್ಯಾಸ ಇದೆ. ಹಳ್ಳಿಯಲ್ಲಿ ಅಭ್ಯರ್ಥಿಯ ಅಪ್ಪ-ಅಜ್ಜ ಎಲ್ಲ ಪರಿಚಯ. ಅರವತ್ತು ಲಕ್ಷಕ್ಕೆ ಹತ್ತಿರ ಜನ ಇರುವ ರಾಜ್ಯದಲ್ಲಿ ಸಾಮಾನ್ಯ ಮತದಾರನಿಗೆ ಜಡ್ಜ್ ಹೆಸರೇ ಹೊಸದು. ಪಕ್ಷದ ಹೆಸರು ತೆಗೆದರೆ ಕತ್ತಲಾಗುವುದು ಅವನಿಗೆ ಮಾತ್ರ. ದುಡ್ಡು ಹಾಕುವವರಿಗೆ ಎಲ್ಲ ಗೊತ್ತೇ ಇರುತ್ತದೆ.

ಹಾಗಂತ ಪಕ್ಷದ ಹೆಸರು ಹಾಕಿಬಿಟ್ಟರೆ ಸರಿಹೋಯಿತು ಅಂತಲೂ ಅಲ್ಲ. 2018ರಲ್ಲಿ ಹ್ಯೂಸ್ಟನ್ ನಗರ ಇರುವ ಹ್ಯಾರಿಸ್ ಕೌಂಟಿಯಲ್ಲಿ ಪೈಪೋಟಿ ಇದ್ದ 59 ಜಡ್ಜ್ ಸೀಟುಗಳನ್ನೂ ಡೆಮಾಕ್ರಟರೇ ಬಾಚಿಕೊಂಡರು. ಒಂದು ಗುರುತು ಹಾಕಿದರೆ ಸಾಕು, ಮೇಲಿಂದ ಕೆಳಗಿನವರೆಗೆ ಅದೇ ಪಕ್ಷಕ್ಕೆ ಓಟು ಬೀಳುವ ವ್ಯವಸ್ಥೆ ಆಗ ಟೆಕ್ಸಾಸ್‌ನಲ್ಲಿತ್ತು. ಒಳ್ಳೆಯ ಜಡ್ಜೋ ಕೆಟ್ಟ ಜಡ್ಜೋ ನೋಡಿದವರು ಯಾರು? ರಿಪಬ್ಲಿಕನ್ ಅಂತ ಇದ್ದರೆ ಮನೆಗೆ. ಹಿಂದೆ ಇದೇ ಗಾಳಿ ಆ ಕಡೆಯಿಂದ ಬೀಸಿದಾಗ ಡೆಮಾಕ್ರಟ್ ಜಡ್ಜ್‌ಗಳಿಗೂ ಇದೇ ಗತಿ ಆಗಿತ್ತು. 2020ರ ಚುನಾವಣೆಯಿಂದ ಆ ಒಂದೇ ಗುರುತಿನ ವ್ಯವಸ್ಥೆ ಹೋಯಿತು. ಆದರೂ ಹ್ಯೂಸ್ಟನ್‌ನಲ್ಲಿ ಪೌರತ್ವ ಪಡೆದು ಓಟು ಹಾಕುವ ನೆಂಟರಿದ್ದರೆ ಕೇಳಿ ನೋಡಿ. ಮತಪತ್ರ ತಿರುಗಿಸಿದಷ್ಟೂ ಜಡ್ಜ್‌ಗಳ ಹೆಸರು ಬರುತ್ತಲೇ ಇರುತ್ತವೆ.

ದುಡ್ಡು ಬರೋದು ನಕ್ಷೆಗಾಗಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೂವತ್ತು ವರ್ಷದ ಹಿಂದೆ ಈ ಚುನಾವಣೆಗಳಲ್ಲಿ ಜಗಳ ಇದ್ದದ್ದು ಹೆಚ್ಚಾಗಿ ಉದ್ಯಮಿಗಳು ಮತ್ತು ಪರಿಹಾರದ ಕೇಸು ನಡೆಸುವ ವಕೀಲರ ನಡುವೆ. ಕಂಪನಿ ತಪ್ಪು ಮಾಡಿದರೆ ಎಷ್ಟು ಪರಿಹಾರ ಕೊಡಬೇಕು ಅನ್ನುವುದೇ ವಿಷಯ. ಆಮೇಲೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪು ಬಂದವು. 2019ರಲ್ಲಿ, ಪಕ್ಷದ ಲಾಭಕ್ಕೆ ಚುನಾವಣಾ ಕ್ಷೇತ್ರಗಳ ಗಡಿ ಕೊರೆದರೆ ಫೆಡರಲ್ ಕೋರ್ಟುಗಳು ಅದನ್ನು ವಿಚಾರಿಸುವುದಿಲ್ಲ ಎಂದಿತು. 2022ರ ಜೂನ್‌ನಲ್ಲಿ ಗರ್ಭಪಾತ ಸಂವಿಧಾನದ ಹಕ್ಕಲ್ಲ ಎಂದಿತು. ಎರಡೂ ಜಗಳ ರಾಜ್ಯಗಳಿಗೆ ಬಂದು ಬಿದ್ದವು. ರಾಜ್ಯ ಸಂವಿಧಾನದ ಕೊನೆಯ ಮಾತು ಯಾರದ್ದು ಅಂತ ಆಗಲೇ ಹೇಳಿದೆನಲ್ಲ?

ಅಲ್ಲಿ ಕ್ಷೇತ್ರ ಮರುವಿಂಗಡಣೆಯನ್ನು ಹೆಚ್ಚಿನ ಕಡೆ ಮಾಡುವುದು ಶಾಸಕರೇ. ಅಂದರೆ ಅಧಿಕಾರದಲ್ಲಿರುವ ಪಕ್ಷ ತನ್ನ ಮುಂದಿನ ಚುನಾವಣೆಯ ಗಡಿಗಳನ್ನು ತಾನೇ ಬರೆದುಕೊಳ್ಳುತ್ತದೆ. ಎದುರು ಪಕ್ಷದ ಮತದಾರರನ್ನು ಕೆಲವೇ ಕ್ಷೇತ್ರಗಳಿಗೆ ತುರುಕುವುದು, ಉಳಿದವರನ್ನು ಚೂರು ಚೂರಾಗಿ ಹಂಚುವುದು. ಇದಕ್ಕೆ ಅಲ್ಲಿ ಜೆರಿಮ್ಯಾಂಡರಿಂಗ್ ಅನ್ನುತ್ತಾರೆ. 2018ರಲ್ಲಿ ವಿಸ್ಕಾನ್ಸಿನ್ ವಿಧಾನಸಭೆಗೆ ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಒಟ್ಟು ಮತ ಜಾಸ್ತಿ ಬಿತ್ತು. ಸಿಕ್ಕಿದ್ದು 99ರಲ್ಲಿ 36 ಸೀಟು. ಕೆಲವು ಕ್ಷೇತ್ರಗಳಲ್ಲಿ ರಿಪಬ್ಲಿಕನ್ನರು ಸ್ಪರ್ಧಿಸದೇ ಇದ್ದದ್ದೂ ಆ ಮತಗಳ ಲೆಕ್ಕವನ್ನು ಉಬ್ಬಿಸಿತ್ತು, ನಿಜ. ಆದರೂ ಅಷ್ಟು ಅಂತರ ಅದೊಂದರಿಂದಲೇ ಬರುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಜ್ಯಾನೆಟ್ ಪ್ರೋಟಸೇವಿಚ್ ಅಲ್ಲಿನ ಸುಪ್ರೀಂ ಕೋರ್ಟಿಗೆ ಗೆದ್ದು ಬಂದರು. ಆ ಚುನಾವಣೆಯ ಖರ್ಚೇ 5 ಕೋಟಿ ಡಾಲರ್ ದಾಟಿತ್ತು. ಆಗಿನ ಮಟ್ಟಿಗೆ ಅದು ದಾಖಲೆ. ಈ ನಕ್ಷೆಗಳು ಮೋಸದವು ಅಂತ ಅವರು ಪ್ರಚಾರದಲ್ಲೇ ಹೇಳಿದ್ದರು. ಕೋರ್ಟಿನಲ್ಲಿ ಬಹುಮತ ಉದಾರವಾದಿಗಳ, ಅಂದರೆ ಡೆಮಾಕ್ರಟರ ಬೆಂಬಲ ಇರುವವರ ಕಡೆಗೆ ತಿರುಗಿತು. ಅದೇ ಡಿಸೆಂಬರ್‌ನಲ್ಲಿ 4-3ರಿಂದ ನಕ್ಷೆಗಳು ರದ್ದಾದವು. 2024ರ ನವೆಂಬರ್‌ನಲ್ಲಿ ಹೊಸ ಗಡಿಗಳ ಮೇಲೆ ಚುನಾವಣೆ ನಡೆದಾಗ ಡೆಮಾಕ್ರಟರು 35ರಿಂದ 45ಕ್ಕೆ ಏರಿದರು.

ಉತ್ತರ ಕೆರೊಲಿನಾದಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯಿತು. ಅಲ್ಲಿ 2022ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಬಹುಮತದ ಕೋರ್ಟ್ ರಿಪಬ್ಲಿಕನ್ನರ ನಕ್ಷೆಯನ್ನು 4-3ರಿಂದ ಹೊಡೆದು ಹಾಕಿತ್ತು. ಬದಲಿ ನಕ್ಷೆಯ ಮೇಲೆ ನಡೆದ ಸಂಸತ್ ಚುನಾವಣೆಯಲ್ಲಿ ಎರಡೂ ಪಕ್ಷಕ್ಕೆ ಏಳೇಳು ಸೀಟು ಬಂದವು. ಅದೇ ದಿನ ನ್ಯಾಯಮೂರ್ತಿಗಳ ಚುನಾವಣೆಯೂ ಇತ್ತು. ಎರಡು ಸ್ಥಾನ ರಿಪಬ್ಲಿಕನ್ನರಿಗೆ ಹೋಗಿ ಕೋರ್ಟ್ 5-2 ಆಯಿತು. ಹೊಸ ಬಹುಮತ ಅದೇ ಕೇಸನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡು 2023ರ ಏಪ್ರಿಲ್‌ನಲ್ಲಿ ತೀರ್ಪು ತಿರುಗಿಸಿತು. ಶಾಸಕರು ಮತ್ತೆ ಗಡಿ ಬರೆದರು. 2024ರಲ್ಲಿ ಲೆಕ್ಕ 10-4. ಸಂವಿಧಾನದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಕುರ್ಚಿಯಲ್ಲಿ ಕೂತವರು ಬದಲಾಗಿದ್ದರು, ಅಷ್ಟೇ.

ವಾಷಿಂಗ್ಟನ್ನಿನಲ್ಲಿ ಯಾರಿಗೆ ಬಹುಮತ ಅನ್ನುವುದು ನಾಲ್ಕೈದು ಸೀಟಿನ ಮೇಲೆ ನಿಂತಿರುವಾಗ, ಮೂರು ಸೀಟು ಅತ್ತಿತ್ತ ಮಾಡುವ ಜಡ್ಜ್ ಕುರ್ಚಿಗೆ ಎಷ್ಟು ಬೆಲೆ ಕಟ್ಟುತ್ತಾರೆ? ಆ 10 ಕೋಟಿ ಡಾಲರ್ ಈಗ ಅಷ್ಟು ವಿಚಿತ್ರ ಅನ್ನಿಸುವುದಿಲ್ಲ.

ಉತ್ತರ ಕೆರೊಲಿನಾದ ಇನ್ನೊಂದು ವಿಷಯ ಹೇಳಬೇಕು. 2004ರಿಂದ ಅಲ್ಲಿ ಮೇಲಿನ ಕೋರ್ಟುಗಳ ಚುನಾವಣೆ ಪಕ್ಷದ ಹೆಸರಿಲ್ಲದೆ ನಡೆಯುತ್ತಿತ್ತು. ಅಭ್ಯರ್ಥಿಗಳಿಗೆ ಪ್ರಚಾರಕ್ಕೆ ಸರ್ಕಾರವೇ ದುಡ್ಡು ಕೊಡುತ್ತಿತ್ತು. 2013ರಲ್ಲಿ ಆ ದುಡ್ಡು ನಿಂತಿತು. 2016ರ ನವೆಂಬರ್‌ನಲ್ಲಿ ಡೆಮಾಕ್ರಟ್ ಆಗಿದ್ದ ಮೈಕ್ ಮಾರ್ಗನ್ ಗೆದ್ದು ಸುಪ್ರೀಂ ಕೋರ್ಟಿನ ಬಹುಮತ ತಿರುಗಿತು. ಮುಂದಿನ ತಿಂಗಳೇ ರಿಪಬ್ಲಿಕನ್ ಶಾಸಕರು ಕಾನೂನು ತಂದು ಪಕ್ಷದ ಹೆಸರನ್ನು ಮತಪತ್ರಕ್ಕೆ ವಾಪಸ್ ಹಾಕಿದರು. ಒಹಾಯೊ ಕೂಡ 2021ರಲ್ಲಿ ಹಾಗೇ ಮಾಡಿತು. ಯಾವ ಪದ್ಧತಿ ಒಳ್ಳೆಯದು ಅನ್ನುವ ಚರ್ಚೆ ಎಷ್ಟು ನಡೆದಿತ್ತೋ, ಯಾವುದರಿಂದ ತಮಗೆ ಲಾಭ ಅನ್ನುವ ಲೆಕ್ಕ ಅದಕ್ಕಿಂತ ಜಾಸ್ತಿ ನಡೆದಿತ್ತು ಅನ್ನುವುದು ನನ್ನ ಅನಿಸಿಕೆ.

2024ರಲ್ಲಿ ಉತ್ತರ ಕೆರೊಲಿನಾದಲ್ಲಿ ಆದದ್ದಂತೂ ಇನ್ನೂ ಜೋರು. ಆಗಿನ ನ್ಯಾಯಮೂರ್ತಿ, ಡೆಮಾಕ್ರಟ್ ಆ್ಯಲಿಸನ್ ರಿಗ್ಸ್, 55 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ 734 ಮತಗಳಿಂದ ಗೆದ್ದರು. ಎದುರಾಳಿ ಜೆಫರ್ಸನ್ ಗ್ರಿಫಿನ್ ಸೋಲು ಒಪ್ಪಲಿಲ್ಲ. ನೋಂದಣಿ ಫಾರ್ಮಿನಲ್ಲಿ ಗುರುತಿನ ನಂಬರ್ ಇಲ್ಲ, ವಿದೇಶದಿಂದ ಓಟು ಹಾಕಿದವರ ಫೋಟೊ ಐಡಿ ಇಲ್ಲ ಅಂತ 60 ಸಾವಿರಕ್ಕೂ ಹೆಚ್ಚು ಮತಗಳನ್ನು ಪ್ರಶ್ನಿಸಿದರು. ಗ್ರಿಫಿನ್ ಸ್ವತಃ ರಾಜ್ಯದ ಮೇಲ್ಮನವಿ ಕೋರ್ಟಿನ ಜಡ್ಜ್. ಕೇಸು ಹೋದದ್ದು ಅವರದೇ ಸಹೋದ್ಯೋಗಿಗಳ ಮುಂದೆ. ಅಲ್ಲಿಂದ ಮೇಲೆ ರಿಗ್ಸ್ ಅವರ ಸಹೋದ್ಯೋಗಿಗಳ ಮುಂದೆ. ಅವರಿಬ್ಬರು ಪೀಠದಲ್ಲಿ ಕೂರಲಿಲ್ಲ ಅನ್ನುವುದೊಂದೇ ಸಮಾಧಾನ. ಆರು ತಿಂಗಳು ಎಳೆದಾಡಿದ ಮೇಲೆ 2025ರ ಮೇ ತಿಂಗಳಲ್ಲಿ ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್ ರಿಗ್ಸ್ ಪರ ತೀರ್ಪು ಕೊಟ್ಟರು, ಗ್ರಿಫಿನ್ ಸೋಲೊಪ್ಪಿಕೊಂಡರು. ಮೈಯರ್ಸ್ ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಪಕ್ಷದ ಟ್ರಂಪ್. ಆದರೆ ಅವರು ಯಾರ ಓಟನ್ನೂ ಕೇಳಬೇಕಾಗಿಲ್ಲ.

ಅಭ್ಯರ್ಥಿ ಏನು ಹೇಳಬಹುದು, ದುಡ್ಡು ಹೇಗೆ ಬರುತ್ತದೆ

ಹಿಂದೆ ಜಡ್ಜ್ ಅಭ್ಯರ್ಥಿಗಳು ವಿವಾದದ ವಿಷಯಗಳ ಬಗ್ಗೆ ಬಾಯಿ ಬಿಡುವ ಹಾಗಿರಲಿಲ್ಲ. 2002ರಲ್ಲಿ ಮಿನ್ನೆಸೋಟಾದ ಒಂದು ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಿಂದ ಆ ನಿರ್ಬಂಧ ತೆಗೆಯಿತು. ಚುನಾವಣೆ ಇಟ್ಟಮೇಲೆ ಮಾತಾಡಬೇಡಿ ಅಂದರೆ ಹೇಗೆ ಅನ್ನುವುದು ಅದರ ತರ್ಕ. ಈಗ ಅವರು ಅಭಿಪ್ರಾಯ ಹೇಳಬಹುದು. ಆದರೆ ‘ಈ ಕೇಸ್ ಬಂದರೆ ಹೀಗೇ ತೀರ್ಪು ಕೊಡುತ್ತೇನೆ’ ಅನ್ನಬಾರದು. ಹಾಗಾಗಿ ಎಲ್ಲರೂ ‘ನನ್ನ ಮೌಲ್ಯಗಳು’ ಅಂತ ಶುರು ಮಾಡುತ್ತಾರೆ. ಕೇಳುವವರಿಗೆ ಉಳಿದದ್ದು ಅರ್ಥವಾಗುತ್ತದೆ.

ದುಡ್ಡಿನ ದಾರಿಯೂ ಹೀಗೇ. ವಿಸ್ಕಾನ್ಸಿನ್‌ನಲ್ಲಿ ಒಬ್ಬ ವ್ಯಕ್ತಿ ಸುಪ್ರೀಂ ಕೋರ್ಟ್ ಅಭ್ಯರ್ಥಿಗೆ ನೇರವಾಗಿ 20 ಸಾವಿರ ಡಾಲರ್ ಮಾತ್ರ ಕೊಡಬಹುದು. ಆದರೆ 2015ರಲ್ಲಿ ಕಾನೂನು ಬದಲಾಯಿತು. ಪಕ್ಷಕ್ಕೆ ಎಷ್ಟು ಬೇಕಾದರೂ ಕೊಡಬಹುದು, ಪಕ್ಷ ಅಭ್ಯರ್ಥಿಗೆ ಎಷ್ಟು ಬೇಕಾದರೂ ಕೊಡಬಹುದು. ಕಾನೂನು ತಂದವರು ರಿಪಬ್ಲಿಕನ್ನರು. 2023ರಲ್ಲಿ ಅದನ್ನು ಚೆನ್ನಾಗಿ ಬಳಸಿಕೊಂಡವರು ಡೆಮಾಕ್ರಟರು. 2025ರಲ್ಲಿ ಕ್ರಾಫರ್ಡ್ ಅವರ ಪರವಾಗಿ ಜಾರ್ಜ್ ಸೊರೊಸ್, ಇಲಿನಾಯ್ ಗವರ್ನರ್ ಜೆ.ಬಿ. ಪ್ರಿಟ್ಸ್‌ಕರ್ ಅಂಥವರ ಲಕ್ಷಾಂತರ ಡಾಲರ್ ಬಂದದ್ದು ಪಕ್ಷದ ಮೂಲಕವೇ. ಚೀಸ್ ಟೋಪಿ ಹಾಕಿಕೊಂಡು ಬರಲಿಲ್ಲ ಅನ್ನುವುದು ಬಿಟ್ಟರೆ ಶತಕೋಟ್ಯಧಿಪತಿಗಳು ಎರಡೂ ಕಡೆ ಇದ್ದರು.

ದುಡ್ಡು ಕೊಟ್ಟವನ ಕೇಸೇ ಆ ಜಡ್ಜ್ ಮುಂದೆ ಬಂದರೆ? ಬಂದಿದೆ. ವೆಸ್ಟ್ ವರ್ಜೀನಿಯಾದಲ್ಲಿ ಹ್ಯೂ ಕೇಪರ್ಟನ್ ಅನ್ನುವವರದ್ದು ಒಂದು ಸಣ್ಣ ಕಲ್ಲಿದ್ದಲು ಕಂಪನಿ. ಮ್ಯಾಸಿ ಅನ್ನುವ ದೊಡ್ಡ ಕಂಪನಿ ಮೋಸದಿಂದ ತನ್ನ ವ್ಯಾಪಾರ ಮುಳುಗಿಸಿತು ಅಂತ ಅವರು ಕೇಸು ಹಾಕಿದರು. 2002ರಲ್ಲಿ ಜೂರಿ 5 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿತು. ಮೇಲ್ಮನವಿ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗುವುದಿತ್ತು. 2004ರಲ್ಲಿ ಅಲ್ಲಿ ಚುನಾವಣೆ. ಮ್ಯಾಸಿಯ ಮುಖ್ಯಸ್ಥ ಡಾನ್ ಬ್ಲಾಂಕನ್‌ಶಿಪ್ ಕಾನೂನಿನ ಮಿತಿಯಂತೆ ಬ್ರೆಂಟ್ ಬೆಂಜಮಿನ್ ಅನ್ನುವ ವಕೀಲರಿಗೆ ನೇರವಾಗಿ ಕೊಟ್ಟದ್ದು ಒಂದು ಸಾವಿರ ಡಾಲರ್. ಹೊರಗಿನಿಂದ ಅವರಿಗಾಗಿ ಖರ್ಚು ಮಾಡಿದ್ದು ಸುಮಾರು 30 ಲಕ್ಷ. ಅದರ ಬಹುಪಾಲು ಹೋದದ್ದು ಒಂದು ಸಂಘಟನೆಗೆ. ‘ಮಕ್ಕಳ ಸಲುವಾಗಿ’ ಅನ್ನುವ ಅರ್ಥದ ಹೆಸರು ಅದಕ್ಕೆ. ಆಗ ಕುರ್ಚಿಯಲ್ಲಿದ್ದ ನ್ಯಾಯಮೂರ್ತಿ ಮಕ್ಕಳ ಮೇಲೆ ಅತ್ಯಾಚಾರ ಮಾಡಿದವನನ್ನು ಹೊರಗೆ ಬಿಟ್ಟರು ಅನ್ನುವ ಜಾಹೀರಾತುಗಳು ಟಿವಿಯಲ್ಲಿ ಓಡಿದವು. ಕಲ್ಲಿದ್ದಲಿನ ಮಾತೇ ಇಲ್ಲ!

ಬೆಂಜಮಿನ್ ಗೆದ್ದರು. ಕೇಸಿನಿಂದ ಹಿಂದೆ ಸರಿಯಿರಿ ಅಂತ ಕೇಪರ್ಟನ್ ಕೇಳಿಕೊಂಡರೂ ಸರಿಯಲಿಲ್ಲ. 2007ರಲ್ಲಿ 3-2ರಿಂದ ಪರಿಹಾರ ರದ್ದಾಯಿತು. ಮೂವರಲ್ಲಿ ಬೆಂಜಮಿನ್ ಒಬ್ಬರು. ಮೂವರಲ್ಲಿ ಇನ್ನೊಬ್ಬರು ಫ್ರಾನ್ಸಿನ ಕಡಲ ತೀರದ ಕಡೆ ರಜೆಯಲ್ಲಿ ಬ್ಲಾಂಕನ್‌ಶಿಪ್ ಜೊತೆ ಇದ್ದ ಫೋಟೊಗಳು ಆಮೇಲೆ ಹೊರಬಂದವು. ಅವರಾದರೂ ಮರುವಿಚಾರಣೆಯಿಂದ ಹಿಂದೆ ಸರಿದರು. 2009ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬೆಂಜಮಿನ್ ಪೀಠದಲ್ಲಿ ಕೂತದ್ದು ತಪ್ಪು ಎಂದಿತು. ಅದೂ 5-4ರಿಂದ! ಎಷ್ಟು ದುಡ್ಡಾದರೆ ಜಾಸ್ತಿ, ಎಷ್ಟು ವರ್ಷದವರೆಗೆ ಋಣ, ಹೀಗೆ 40 ಪ್ರಶ್ನೆಗಳನ್ನು ಪಟ್ಟಿ ಮಾಡಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಭಿನ್ನ ತೀರ್ಪು ಬರೆದರು. ಕೇಪರ್ಟನ್ ಅವರಿಗೇನು ಸಿಕ್ಕಿತು? ಕೇಸು ವಾಪಸ್ ಬಂತು, ಬೆಂಜಮಿನ್ ಇಲ್ಲದ ಪೀಠ ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಮ್ಯಾಸಿ ಪರವಾಗಿಯೇ ತೀರ್ಪು ಕೊಟ್ಟಿತು.

ದುಡ್ಡಿಗಿಂತ ಓಟಿನ ಭಯವೇ ದೊಡ್ಡದು ಅನ್ನುವವರೂ ಇದ್ದಾರೆ. ಅಯೋವಾದ ಸುಪ್ರೀಂ ಕೋರ್ಟ್ 2009ರಲ್ಲಿ ಒಮ್ಮತದಿಂದ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಹೌದು-ಇಲ್ಲ ಮತಕ್ಕೆ ಬಂದ ಮೂವರನ್ನೂ ಜನ ಮನೆಗೆ ಕಳಿಸಿದರು. 1986ರಲ್ಲಿ ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಹೋದದ್ದು ಗಲ್ಲುಶಿಕ್ಷೆಯ ವಿಷಯದಲ್ಲಿ. ಇವು ಸುದ್ದಿಯಾದವು. ಕಣ್ಣಿಗೆ ಬೀಳದ್ದು ಕೆಳಗಿನ ಕೋರ್ಟುಗಳಲ್ಲಿ ಆಗುವಂಥದ್ದು. ಪೆನ್ಸಿಲ್ವೇನಿಯಾದ ಜಡ್ಜ್‌ಗಳ ಬಗ್ಗೆ 2004ರಲ್ಲಿ ಒಂದು ಅಧ್ಯಯನ ಬಂತು. ಮತದಾನ ಹತ್ತಿರ ಬಂದ ಹಾಗೆ ಅವರು ಕೊಡುವ ಜೈಲುಶಿಕ್ಷೆ ಉದ್ದವಾಗುತ್ತಿತ್ತು. ಅದೇ ಅಪರಾಧ, ಅದೇ ಕಾನೂನು. ಕ್ಯಾಲೆಂಡರ್ ಮಾತ್ರ ಬೇರೆ.

ಹಾಗಾದರೆ ಚುನಾವಣೆ ನಿಲ್ಲಿಸಿಬಿಡಿ ಅನ್ನಬಹುದು. ನೇಮಕದಲ್ಲಿ ರಾಜಕೀಯ ಇಲ್ಲ ಅಂತ ಯಾರು ಹೇಳಿದರು? 2016ರಲ್ಲಿ ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರಿಗೆ ಸೆನೆಟ್ ಒಂದು ವಿಚಾರಣೆಯನ್ನೂ ಕೊಡದೆ ವರ್ಷ ಕಳೆಯಿತು. ನಮ್ಮ ಕೊಲಿಜಿಯಂನಲ್ಲಿ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುತ್ತಾರೆ. ಅದನ್ನು ಬದಲಿಸಲು ತಂದ ನೇಮಕಾತಿ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ ಅನ್ನುವ ದೂರು ಇಲ್ಲಿ ಹಾಗೇ ಇದೆ. ಅತ್ತ ಮೆಕ್ಸಿಕೊ 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸೇರಿ ಸಾವಿರಾರು ಜಡ್ಜ್‌ಗಳ ಚುನಾವಣೆ ನಡೆಸಿತು. ಬಂದ ಮತದಾರರು ಶೇ 13ರಷ್ಟು.

ನನಗೆ ಕಾಣುವ ಪ್ರಕಾರ, ಮತಪತ್ರದಲ್ಲಿ ಪಕ್ಷದ ಹೆಸರು ಬೇಕೋ ಬೇಡವೋ ಅನ್ನುವುದರಲ್ಲಿ ಜನ ಸುಮ್ನೆ ಸಮಯ ಕಳೆಯುತ್ತಿದ್ದಾರೆ. ಕೇಳಬೇಕಾದದ್ದು ಎರಡು. ಮತ್ತೆ ಓಟು ಕೇಳುವ ಅಗತ್ಯವೇ ಇಲ್ಲದ ಹಾಗೆ ಜಡ್ಜ್‌ಗೆ ಒಂದೇ ದೀರ್ಘ ಅವಧಿ ಕೊಡಬಹುದಲ್ಲ? ಇನ್ನೊಂದು, ತನಗಾಗಿ ಖರ್ಚು ಮಾಡಿದವನ ಕೇಸ್ ಬಂದಾಗ ಹಿಂದೆ ಸರಿಯಬೇಕೇ ಬೇಡವೇ ಅಂತ ಆ ಜಡ್ಜೇ ಯಾಕೆ ತೀರ್ಮಾನಿಸಬೇಕು? ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 2010ರಲ್ಲಿ ಒಂದು ನಿಯಮ ಮಾಡಿಕೊಂಡಿತು. ಚುನಾವಣಾ ದೇಣಿಗೆ ತೆಗೆದುಕೊಂಡದ್ದೊಂದೇ ಹಿಂದೆ ಸರಿಯಲು ಕಾರಣ ಅಲ್ಲ ಅಂತ. ಅದರ ಕರಡು ಬಂದದ್ದು ಚುನಾವಣೆಗಳಲ್ಲಿ ಖರ್ಚು ಮಾಡುತ್ತಿದ್ದ ಉದ್ಯಮಿಗಳ ಸಂಘದ ಕಡೆಯಿಂದಲೇ. 2017ರಲ್ಲಿ 54 ಮಂದಿ ನಿವೃತ್ತ ಜಡ್ಜ್‌ಗಳು ಸೇರಿ, ಇಷ್ಟು ಮೊತ್ತಕ್ಕಿಂತ ಜಾಸ್ತಿ ಆದರೆ ಕಡ್ಡಾಯವಾಗಿ ಹಿಂದೆ ಸರಿಯಬೇಕು ಅಂತ ನಿಯಮ ತನ್ನಿ ಎಂದು ಅರ್ಜಿ ಕೊಟ್ಟರು. ಕೋರ್ಟ್ 5-2ರಿಂದ ತಳ್ಳಿಹಾಕಿತು.

ಅಲ್ಲಿನ ಸಂವಿಧಾನದ ಪ್ರಕಾರ ಒಂದು ವರ್ಷಕ್ಕೆ ಒಬ್ಬರೇ ನ್ಯಾಯಮೂರ್ತಿಯ ಚುನಾವಣೆ ನಡೆಯಬೇಕು. ಈಗಿರುವವರ ಅವಧಿಗಳ ಲೆಕ್ಕ ಹಿಡಿದರೆ 2025ರಿಂದ 2030ರವರೆಗೆ ಪ್ರತಿ ಏಪ್ರಿಲ್‌ನಲ್ಲೂ ಒಂದೊಂದು ಸೀಟು.